ನಾಳೆ ಕೇಳ್ತೀನಿ

ಗೋಡೆಗೆ ಅಂಟಿಸಿದ್ದ ಬರಹದಲ್ಲಿ ಅವನ ಕಣ್ಣಿಗೆ ಮೊದಲು ಬಿದ್ದದ್ದು ಬೇಡದ ಕಡೆ ಕೂತಿದ್ದ ಒಂದು ಅಲ್ಪವಿರಾಮ. ಕೈ ತಾನಾಗಿಯೇ ಜೇಬಿನ ಕೆಂಪು ಪೆನ್ನಿನ ಕಡೆ ಹೋಯಿತು, ತಡೆದುಕೊಂಡ. ಶನಿವಾರದ ಅರ್ಧ ದಿನದ ಸ್ಕೂಲು ಮುಗಿಸಿ ನೇರವಾಗಿ ಬಸ್ಸು ಹತ್ತಿ ಬಂದಿದ್ದ. ಅಂಗಿಯ ತೋಳಿಗೆ ಸೀಮೆಸುಣ್ಣ ಮೆತ್ತಿತ್ತು, ಹೆಗಲ ಚೀಲದಲ್ಲಿ ಒಂಬತ್ತನೇ ತರಗತಿಯ ಭೂಗೋಳದ ಉತ್ತರ ಪತ್ರಿಕೆಗಳ ಕಟ್ಟಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಹಿಂದೆ ಬಟ್ಟೆಯ ಗೋದಾಮಾಗಿದ್ದು ಈಗ ಕಲಾ ಪ್ರದರ್ಶನದ ಜಾಗವಾಗಿದ್ದ ಈ ಕಟ್ಟಡಕ್ಕೆ ಸುಣ್ಣ ಬಳಿದು, ಸೂರಿನ ಕಬ್ಬಿಣದ ತೊಲೆಗಳನ್ನು ಹಾಗೇ ಬಿಟ್ಟು, ಅದನ್ನೇ ದೊಡ್ಡ ಅಂದವೆಂಬಂತೆ ಬೆಳಕು ಬಿಟ್ಟಿದ್ದರು. ಬಂದವರೆಲ್ಲ ಆಸ್ಪತ್ರೆಯಲ್ಲಿ ನಡೆಯುವವರ ಹಾಗೆ ಮೆಲ್ಲಗೆ ನಡೆಯುತ್ತಿದ್ದರು, ಮೆಲ್ಲಗೆ ಮಾತಾಡುತ್ತಿದ್ದರು, ಏನನ್ನು ನೋಡಿದರೂ ತಲೆ ಆಡಿಸುತ್ತಿದ್ದರು. ಅರ್ಥವಾಗದಿದ್ದಾಗ ತಲೆ ಆಡಿಸುವ ಮಕ್ಕಳನ್ನು ಮೂವತ್ತು ವರ್ಷ ನೋಡಿದವನಿಗೆ ಆ ಆಟ ಹೊಸದಲ್ಲ. ಇವರಲ್ಲಿ ಒಬ್ಬನೂ ಒಂದು ಪಿರಿಯಡ್ಡು ಪಾಠ ಮಾಡಿದವನಲ್ಲ, ಬರೆದುಕೊಡಬಲ್ಲೆ ಎಂದುಕೊಂಡ. ಬರಹವನ್ನು ಮತ್ತೆ ಓದಿದ. 'ಗೊತ್ತಿರುವವರು, ಗೊತ್ತಿಲ್ಲದವರನ್ನು ಕಾಯಿಸುವುದಕ್ಕೆ ನಾವು ಶಿಕ್ಷಣ ಎಂದು ಹೆಸರಿಟ್ಟಿದ್ದೇವೆ. ಈ ಕೋಣೆಯಲ್ಲಿ ಉತ್ತರಗಳೆಲ್ಲ ಒಬ್ಬರ ಬಳಿ ಇವೆ. ಅವರು ಕೊಡುವುದಿಲ್ಲ.' ಕೆಳಗೆ ಮಗಳ ಹೆಸರು. ಹೆಸರಿನ ಹಿಂದೆ ಅವನ ಹೆಸರಿನ ಮೊದಲ ಅಕ್ಷರ ಇರಲಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದದ್ದು ಇಲ್ಲಿ ಎಲ್ಲಿ ಉದುರಿಹೋಯಿತೋ.

ಬಾಗಿಲಲ್ಲಿ ನಿಂತಿದ್ದ ಗಿಡ್ಡ ಕೂದಲಿನ ಹುಡುಗಿ ನಿಯಮ ಹೇಳಿದಳು. "ಒಳಗೆ ಹೋದ್ಮೇಲೆ ಬಾಗಿಲು ಮುಚ್ಚುತ್ತೆ ಸರ್. ಬೆಂಚಲ್ಲಿ ಕೂತ್ಕೊಳ್ಳಿ. ಯಾರಾದ್ರೂ ಒಬ್ರು ಒಂದು ಪ್ರಶ್ನೆ ಕೇಳ್ಬೇಕು. ಆದ್ರೆ ಕೇಳೋರಿಗೆ ಅದರ ಉತ್ತರ ಗೊತ್ತಿರಬಾರ್ದು, ನಿಜವಾಗ್ಲೂ ಗೊತ್ತಿರಬಾರ್ದು. ಆಗ ಬಾಗಿಲು ತೆಗೆಯುತ್ತೆ, ಎಲ್ರೂ ಬರಬಹುದು."

"ಗೊತ್ತಿದೆಯೋ ಇಲ್ವೋ ಅಂತ ತೀರ್ಮಾನ ಮಾಡೋರು ಯಾರು? ಮಿಷನ್ನಾ?"

"ಇಲ್ಲ ಸರ್, ಆರ್ಟಿಸ್ಟೇ. ಗೋಡೆ ಹಿಂದೆ ಕೂತಿರ್ತಾರೆ, ಒಂದು ಸಣ್ಣ ಕಿಂಡಿ ಇದೆ. ಗಾಬರಿ ಆದ್ರೆ ಸುಮ್ನೆ ಕೈ ಎತ್ತಿ ಸರ್, ತಕ್ಷಣ ತೆಗೀತೀವಿ."

ಕೈ ಎತ್ತಿ! ಅವನಿಗೆ ಮೈಯೆಲ್ಲ ಉರಿದುಹೋಯಿತು. ಐವತ್ತೆಂಟರ ವಯಸ್ಸಿನಲ್ಲಿ, ಒಂದಕ್ಕೆ ಹೋಗಬೇಕಾದ ಮಗುವಿನ ಹಾಗೆ ಮಗಳ ಮುಂದೆ ಕೈ ಎತ್ತಬೇಕಂತೆ. ಹೆಂಡತಿ ಮೊದಲ ದಿನವೇ ಬಂದು ನೋಡಿಕೊಂಡು ಹೋಗಿದ್ದಳು. ಮೂರು ವರ್ಷದಿಂದ ಮಗಳು ಮನೆಯ ಹೊಸ್ತಿಲು ತುಳಿದಿರಲಿಲ್ಲ. ತಾಯಿಯೇ ಆಗಾಗ ಅವಳ ಬಾಡಿಗೆ ಕೋಣೆಗೆ ಹೋಗಿ, ಗೋಡೆಗೆ ಹೇಳುವ ಹಾಗೆ ಇವನಿಗೆ ಸುದ್ದಿ ಹೇಳುತ್ತಿದ್ದಳು. "ನಾನು ಬಾಯಿ ತೆಗೆದೆ, ಬಾಗಿಲೂ ತೆಗೀತು," ಎಂದು ಅಂದು ರಾತ್ರಿ ಬಟ್ಟೆ ಮಡಿಸುತ್ತ ನಕ್ಕಿದ್ದಳು. ಏನು ಕೇಳಿದೆ ಎಂದರೆ, "ಅದು ನಿಮಗ್ಯಾಕೆ?" ಎಂದು ಮಡಿಸಿದ ಬಟ್ಟೆ ಎತ್ತಿಕೊಂಡು ಒಳಗೆ ಹೋಗಿದ್ದಳು. ಮೂವತ್ತೊಂದು ವರ್ಷ ಜೊತೆಗಿದ್ದವಳು, ಅವನೇ ಹೇಳಿಕೊಡದ ಒಂದು ಪ್ರಶ್ನೆಯನ್ನು ಎಲ್ಲಿ ಬಚ್ಚಿಟ್ಟುಕೊಂಡಿದ್ದಳೋ. ಇವತ್ತು ಬೆಳಿಗ್ಗೆ ಅವಳೇ, "ಒಂದ್ಸಲ ಹೋಗಿ ನೋಡ್ಕೊಂಡು ಬಂದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದು ಎಬ್ಬಿಸಿ ಕಳಿಸಿದ್ದು.

ಒಳಗೆ ನಿಜವಾಗಿಯೂ ಒಂದು ತರಗತಿ ಇತ್ತು. ಹಸಿರು ಬಣ್ಣ ಎದ್ದುಹೋದ ಬೆಂಚುಗಳು, ಕೈವಾರದ ಮೊನೆಯಿಂದ ಕೊರೆದ ಹೃದಯಗಳು, ಹೆಸರುಗಳು; ಕರಿಹಲಗೆ; ಎತ್ತರದ ಕಟ್ಟೆಯ ಮೇಲೆ ಮೇಷ್ಟರ ಮೇಜು, ಕುರ್ಚಿ. ಕುರ್ಚಿ ಖಾಲಿ. ಪಕ್ಕದ ಗೋಡೆಯ ಮೇಲೆ ದೇಶಗಳ ಗೆರೆಗಳನ್ನೆಲ್ಲ ಅಳಿಸಿದ್ದ ಒಂದು ಜಗತ್ತಿನ ನಕ್ಷೆ. ಅವನು ಕೊನೆಯ ಬೆಂಚಿಗೆ ಹೋಗಿ ಕೂತ. ಮಂಡಿ ಬೆಂಚಿನ ಹಲಗೆಗೆ ತಗುಲಿ ನೋಯಿತು. ಮುಂದೆ ಒಂದು ಜೋಡಿ ಕೂತಿತ್ತು, ಹೊಸದಾಗಿ ಮದುವೆಯಾದವರಿರಬೇಕು. ಅವರ ಪಕ್ಕ ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡಿದ್ದ ಗಡ್ಡದವನೊಬ್ಬ. ಬಾಗಿಲು ಮುಚ್ಚಿತು. ಗಡ್ಡದವನು ಎದ್ದು ನಿಂತು, ನಾಟಕದವನ ಹಾಗೆ ಗಂಟಲು ಸರಿಮಾಡಿಕೊಂಡು, "ಸ್ವಾತಂತ್ರ್ಯ ಅಂದ್ರೆ ಏನು?" ಎಂದು ಕೇಳಿದ. ಇವನಿಗೆ ಉತ್ತರ ಗೊತ್ತಿದೆ, ಅದನ್ನು ಇನ್ನೊಬ್ಬರಿಗೆ ಹೇಳಲೆಂದೇ ಕಾದು ಕೂತಿದ್ದಾನೆ ಎಂದು ಮೇಷ್ಟರಿಗೆ ಕೂಡಲೇ ಗೊತ್ತಾಯಿತು. ಗೋಡೆಯ ಹಿಂದೆ ಕೂತವಳಿಗೂ ಗೊತ್ತಾಗಿರಬೇಕು. ಕರಿಹಲಗೆಯ ಮೇಲಿದ್ದ ಸ್ಪೀಕರಿನಿಂದ ಒಬ್ಬ ಗಂಡಸಿನ ತುಂಬು ದನಿ ನಿಧಾನವಾಗಿ ಹೇಳಿತು: "ಯೋಚನೆ ಮಾಡ್ಕೊಂಡು ಬಾ. ನಾಳೆ ಕೇಳ್ತೀನಿ."

ಜೋಡಿ ಕಿಸಕ್ಕನೆ ನಕ್ಕಿತು. ಕೊನೆಯ ಬೆಂಚಿನಲ್ಲಿ ಅವನ ಕೈ ತನ್ನ ಕೊರಳಿನ ಮೇಲೆ ಹೋಗಿ ಕೂತಿತು. ದನಿ ಅವನದಲ್ಲ, ಯಾವನೋ ಕೂಲಿ ನಟನದು. ಆದರೆ 'ಬಾ' ಆದ ಮೇಲಿನ ಆ ನಿಲುಗಡೆ, 'ನಾಳೆ'ಯನ್ನು ಒತ್ತಿ ಹೇಳುವ ಆ ಗತ್ತು, ಎಲ್ಲ ಅವನದೇ. ಸ್ಕೂಲಿನಲ್ಲಿ ಗುಂಡುಬೋಳು ತಲೆಗಾಗಿ ಗ್ಲೋಬು ಎಂದು ಅಡ್ಡಹೆಸರಿಟ್ಟಿದ್ದ ಹುಡುಗರು ಕೂಡ ಶೌಚಾಲಯದ ಹಿಂದೆ ಹೀಗೇ ಅವನನ್ನು ಆಡಿಕೊಳ್ಳುತ್ತಿದ್ದರು. ಅವರ ಕಿವಿ ಹಿಂಡಿದ್ದ. ಈಗ ಯಾರ ಕಿವಿ ಹಿಂಡುವುದು? ಮಗಳು ಅವನ ಮಾತನ್ನು ಕದ್ದಿದ್ದಳು, ಕದ್ದು ಊರ ಮುಂದೆ ಹರಡಿದ್ದಳು, ಅದೂ ಹೋಗಲಿ. ಆದರೆ ಅವಳು ಅದನ್ನು ತಲೆಕೆಳಗಾಗಿ ಕದ್ದಿದ್ದಳು. ಆ ಮಾತು ಹುಟ್ಟಿದ್ದು ಅವನ ನೌಕರಿಯ ಮೊದಲ ತಿಂಗಳಲ್ಲಿ. ಕಿಟಕಿ ಪಕ್ಕದ ಒಬ್ಬ ಹುಡುಗಿ ಎದ್ದು, ಗಾಳಿ ಎಲ್ಲಿಂದ ಶುರುವಾಗುತ್ತೆ ಸರ್, ಮೊದಲನೇ ಗಾಳಿ, ಎಂದಿದ್ದಳು. ಒತ್ತಡ, ಉಷ್ಣಾಂಶ ಎಂದೆಲ್ಲ ಅವನು ಹೇಳಿದ. ಅದಲ್ಲ ಸರ್, ಮೊದಲನೇದು, ಎಂದಳು. ಐವತ್ತು ಜೋಡಿ ಕಣ್ಣು. ಕುತ್ತಿಗೆಯ ಹಿಂದೆ ಬೆವರು ಒಡೆಯಿತು. ಅಂಗಿ ಬಿಚ್ಚಿ ನಿಲ್ಲಿಸಿದ ಹಾಗಾಯಿತು. ಆಗ ಬಾಯಿಂದ ತಾನಾಗಿಯೇ ಬಂತು: ಯೋಚನೆ ಮಾಡ್ಕೊಂಡು ಬಾ, ನಾಳೆ ಕೇಳ್ತೀನಿ. ಹುಡುಗಿ ಕೂತಳು, ತರಗತಿ ಅವನನ್ನು ಗೌರವದಿಂದ ನೋಡಿತು. ಅಷ್ಟು ಸುಲಭ! ಆಮೇಲೆ ಅದು ಅವನ ಕೊಡೆಯಾಯಿತು. ಗೊತ್ತಿದ್ದದ್ದನ್ನು ಅವನು ಎಂದೂ ಬಚ್ಚಿಟ್ಟುಕೊಂಡವನಲ್ಲ. ಬೇಡವೆಂದರೂ ಹೇಳುತ್ತಿದ್ದ, ಗಂಟೆ ಹೊಡೆದ ಮೇಲೂ ಹೇಳುತ್ತಿದ್ದ, ಊಟಕ್ಕೆ ಕೂತರೆ ಉಪ್ಪು ಎಲ್ಲಿಂದ ಬರುತ್ತದೆ ಎಂದು ಹೇಳುತ್ತಿದ್ದ. ಗೊತ್ತಿಲ್ಲದಾಗ ಮಾತ್ರ ಕೊಡೆ ಬಿಚ್ಚುತ್ತಿದ್ದ. ಮನೆಯಲ್ಲೇ ಬೆಳೆದವಳಿಗೆ ಇಷ್ಟು ತಿಳಿಯಲಿಲ್ಲವೇ? ಅಪ್ಪನಿಗೆ ಎಲ್ಲವೂ ಗೊತ್ತಿತ್ತು, ಜಿಪುಣನ ಹಾಗೆ ಮುಷ್ಟಿ ಬಿಗಿಹಿಡಿದು ಕೂತಿದ್ದ ಎಂದು ನಂಬಿ, ಆ ನಂಬಿಕೆಯ ಮೇಲೆ ಒಂದು ಕೋಣೆಯನ್ನೇ ಕಟ್ಟಿದ್ದಳು. ಉತ್ತರ ಪತ್ರಿಕೆಯಾಗಿದ್ದರೆ ಉದ್ದಕ್ಕೂ ಒಂದು ಗೆರೆ ಎಳೆದು ಸೊನ್ನೆ ಹಾಕುತ್ತಿದ್ದ. ಆದರೆ ತಪ್ಪು ಎಲ್ಲಿ ಎಂದು ಪಕ್ಕದಲ್ಲಿ ಬರೆಯಬೇಕಲ್ಲ. ಅದನ್ನು ಬರೆಯುವ ಕೈ ಅವನದಲ್ಲ.

ಮುಂದಿನ ಬೆಂಚಿನಲ್ಲಿ ಹೆಂಗಸು ನಗು ನಿಲ್ಲಿಸಿದ್ದಳು. ಗಂಡನ ಕಡೆ ತಿರುಗದೆ, ಕರಿಹಲಗೆಯನ್ನೇ ನೋಡುತ್ತ, "ನಿಮ್ಮಮ್ಮ ನನ್ನ ಯಾಕೆ ಮಾತಾಡಿಸಲ್ಲ?" ಎಂದಳು. ದನಿ ದೊಡ್ಡದೇನೂ ಇರಲಿಲ್ಲ. ಖಟ್ಟನೆ ಬಾಗಿಲು ತೆರೆಯಿತು. ಗಂಡನ ಮುಖ ಕೆಂಪಾಯಿತು; "ಇಲ್ಲಿ ಕೇಳೋ ವಿಷಯಾನಾ ಅದು?" ಎಂದು ಗೊಣಗುತ್ತ ಅವಳ ಹಿಂದೆ ಹೊರಟ. ಗಡ್ಡದವನು, ತನ್ನ ಸ್ವಾತಂತ್ರ್ಯಕ್ಕೆ ಸಿಗದ ಬಾಗಿಲು ಅತ್ತೆಯ ಮುನಿಸಿಗೆ ಸಿಕ್ಕಿತಲ್ಲ ಎಂಬ ಮೋರೆ ಮಾಡಿಕೊಂಡು ಹೋದ. ಅವನು ಮಾತ್ರ ಕೊನೆಯ ಬೆಂಚಿನಿಂದ ಏಳಲಿಲ್ಲ. ಯಾರದೋ ಸೊಸೆ ಕೇಳಿದ ಪ್ರಶ್ನೆಯ ಸಂದಿಯಲ್ಲಿ ತೂರಿಕೊಂಡು ಹೋಗಲು ಅವನು ಬಂದಿರಲಿಲ್ಲ. ಕಿಂಡಿ ಎಲ್ಲಿದೆ ಎಂದು ಹುಡುಕಿದ. ನಕ್ಷೆಯ ನಡುವೆ, ಸಮುದ್ರದಲ್ಲಿ, ಒಂದು ಕಪ್ಪು ಚುಕ್ಕೆ. ಅದರ ಹಿಂದೆ ಅವಳ ಕಣ್ಣು. ಚಿಕ್ಕವಳಿದ್ದಾಗ ಇಂಥದೇ ನಕ್ಷೆಯ ಮೇಲೆ ಬೆರಳಿಟ್ಟು, ಗೆರೆಯ ಮೇಲೇ ನಿಂತವರು ಯಾವ ದೇಶದವರು ಅಪ್ಪ ಎಂದು ಕೇಳಿದ್ದಳು. ಮನೆಯಲ್ಲಿ ಅವಳನ್ನು ಯಾಕಮ್ಮ ಎಂದೇ ಕರೆಯುತ್ತಿದ್ದರು. ಬಂದಳು ನೋಡು ಯಾಕಮ್ಮ, ಎನ್ನುತ್ತಿದ್ದ ಅವನೇ. ಅಂದೂ ಕೊಡೆ ಬಿಚ್ಚಿದ. ಮರುದಿನ ಬೆಳಿಗ್ಗೆ ಅವನು ಗಡ್ಡ ಕೆರೆದುಕೊಳ್ಳುತ್ತಿದ್ದಾಗ ಬಚ್ಚಲಿನ ಬಾಗಿಲಲ್ಲಿ ಬಂದು ನಿಂತು, ಕನ್ನಡಿಯಲ್ಲಿ ಅವನನ್ನೇ ನೋಡುತ್ತ, "ಅವರು ಒಂಟಿ ಕಾಲಲ್ಲಿ ನಿಲ್ಲಬೇಕು. ಯಾವ ಕಾಲು ಇಟ್ಟರೆ ಆ ದೇಶ," ಎಂದಿದ್ದಳು. ಸರಿಯೋ ತಪ್ಪೋ ಅವನಿಗೆ ಗೊತ್ತಾಗಲಿಲ್ಲ. "ಹೋಗು, ಹಲ್ಲುಜ್ಜು," ಎಂದ. ಗಲ್ಲದ ಮೇಲೆ ಬ್ಲೇಡು ತಾಗಿ ನೊರೆ ಕೆಂಪಾಗಿತ್ತು.

ಹೊಸ ಗುಂಪು ಬಂತು, ಹೋಯಿತು. ಮತ್ತೊಂದು ಬಂತು. ಅವನು ಚೀಲದಿಂದ ಕಟ್ಟು ತೆಗೆದು, ಮಂಡಿ ನೋಯುತ್ತಿದ್ದುದರಿಂದ ಎದ್ದು ಹೋಗಿ ಕಟ್ಟೆಯ ಮೇಲಿನ ಕುರ್ಚಿಯಲ್ಲಿ ಕೂತು, ಕೆಂಪು ಪೆನ್ನಿನಿಂದ ಪತ್ರಿಕೆ ತಿದ್ದತೊಡಗಿದ. ಬೇರೆ ಏನು ಮಾಡುವುದು? ನಾಳೆ ಭಾನುವಾರ, ಸೋಮವಾರ ಅಂಕ ಕೊಡಬೇಕು. ಮಾರುತಗಳ ಎರಡು ವಿಧ ಬರೆಯಿರಿ ಎಂದರೆ ಒಬ್ಬ ಬಿಸಿ, ತಣ್ಣಗೆ ಎಂದು ಬರೆದಿದ್ದ. ಸೊನ್ನೆ ಹಾಕಿ ತಲೆ ಎತ್ತಿದರೆ ಬೆಂಚುಗಳಲ್ಲಿದ್ದವರೆಲ್ಲ ನೆಟ್ಟಗೆ ಕೂತು ಅವನನ್ನು ನೋಡುತ್ತಿದ್ದರು. ಒಬ್ಬಾಕೆ ಮಗ್ಗುಲಿನವಳ ಕಿವಿಯಲ್ಲಿ, "ಎಷ್ಟು ನ್ಯಾಚುರಲ್ಲಾಗಿ ಮಾಡ್ತಾರೆ ನೋಡೇ," ಎಂದದ್ದು ಕೇಳಿಸಿತು. ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಪೆನ್ನು ನಿಂತಿತು. "ನಾನು ನಿಜವಾದ ಮೇಷ್ಟ್ರು," ಎಂದ. ಸಣ್ಣ ನಗೆ ಓಡಾಡಿತು. "ತಮಾಷೆ ಅಲ್ಲ. ಇವು ನಿಜವಾದ ಪೇಪರು. ಒಂಬತ್ತನೇ ಕ್ಲಾಸು ಬಿ ಸೆಕ್ಷನ್ನು," ಎಂದು ಒಂದನ್ನು ಎತ್ತಿ ತೋರಿಸಿದ. ಈ ಸಲ ಯಾರೋ ಚಪ್ಪಾಳೆ ತಟ್ಟಿದರು, ಮೊಬೈಲುಗಳು ಮೇಲೆದ್ದವು. "ಕೆಳಗಿಡ್ರೋ ಅದನ್ನ!" ಎಂದು ಅರಚಿದ. ದೊಡ್ಡ ದೊಡ್ಡವರು, ಮೀಸೆ ಹೊತ್ತವರು, ತಟಕ್ಕನೆ ಮೊಬೈಲು ಕೆಳಗಿಟ್ಟು ಕೈ ಕಟ್ಟಿದರು. ಒಂದು ಕ್ಷಣ ಹಳೆಯ ಸುಖ ಎದೆಯಲ್ಲಿ ಹರಿಯಿತು; ಮರುಕ್ಷಣ ಅವರ ಕಣ್ಣು ನೋಡಿದ. ಭಯದ ಹಿಂದೆ ಖುಷಿಯಿತ್ತು. ಭಯವನ್ನು ಅವರು ಟಿಕೆಟ್ಟಿನ ಜೊತೆ ಸಿಕ್ಕ ತಿಂಡಿಯಂತೆ ಚಪ್ಪರಿಸುತ್ತಿದ್ದರು. ಅವನು ಹಲ್ಲು ಕಚ್ಚಿ ನಕ್ಷೆಯ ಕಪ್ಪು ಚುಕ್ಕೆಯ ಕಡೆ ತಿರುಗಿ, ಎಲ್ಲರ ಮುಂದೆಯೇ ಕೇಳಿದ: "ಇದೆಲ್ಲ ಯಾರಿಗೆ ಅಂತ ಮಾಡಿದ್ದು?"

ಬಾಗಿಲು ತೆರೆಯಲಿಲ್ಲ. ಸ್ಪೀಕರು ಸ್ವಲ್ಪ ತಡಮಾಡಿ, "ಯೋಚನೆ ಮಾಡ್ಕೊಂಡು ಬಾ. ನಾಳೆ ಕೇಳ್ತೀನಿ," ಎಂದಿತು. ಕೋಣೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಅವಳ ತೀರ್ಪು ಸರಿಯಾಗಿತ್ತು, ಅವನಿಗೆ ಉತ್ತರ ಗೊತ್ತಿತ್ತು. ಆ ತಡಮಾಡಿದ ಒಂದು ಗಳಿಗೆಯಲ್ಲಿ ಅವಳ ಬೆರಳು ಗುಂಡಿಯ ಮೇಲೆ ಏನು ಮಾಡುತ್ತಿತ್ತು ಎಂದು ಮಾತ್ರ ಗೊತ್ತಿರಲಿಲ್ಲ; ಅದನ್ನು ಅವನು ಕೇಳಲಿಲ್ಲ.

ಮುಚ್ಚುವ ಹೊತ್ತಾಯಿತೆಂದು ಗಿಡ್ಡ ಕೂದಲಿನ ಹುಡುಗಿ ಬಂದು ಹೇಳಿದಾಗ ಸೂರಿನ ಕಿಟಕಿಗಳಲ್ಲಿ ಸಂಜೆಯ ಬಿಸಿಲು ಕೆಂಪಗಾಗಿತ್ತು. "ಸರ್, ತುಂಬಾ ಜನ ನಿಮ್ಮ ಬಗ್ಗೆ ಕೇಳಿದ್ರು. ನಾಳೇನೂ ಬರ್ತಾರಾ ಅಂತ," ಎಂದು ನಕ್ಕಳು. ಹುಡುಗಿಗೆ ಕೆಟ್ಟ ಬುದ್ಧಿಯೇನೂ ಇರಲಿಲ್ಲ. ಅದರಿಂದಲೇ ಅವಳ ಮೇಲೆ ಇನ್ನಷ್ಟು ಸಿಟ್ಟು ಬಂತು. "ಗೋಡೆ ಹಿಂದೆ ಇರೋಳ್ನ ಕಳಿಸು," ಎಂದ. "ಅವಳು ಬರೋವರೆಗೂ ನಾನು ಏಳಲ್ಲ."

ಮಗಳು ಬಂದಳು. ತೆಳ್ಳಗಾಗಿದ್ದಳು, ಕನ್ನಡಕ ಹೊಸದು. ಬಾಗಿಲು ಅವಳ ಹಿಂದೆ ಮುಚ್ಚಿಕೊಂಡಿತು, ಇಡೀ ದಿನ ಹಾಗೇ ಮುಚ್ಚಿ ಅಭ್ಯಾಸವಾಗಿದ್ದ ಗಿಡ್ಡ ಕೂದಲಿನ ಹುಡುಗಿ, ಗೋಡೆಯ ಹಿಂದೆ ಅವಳ ಜಾಗದಲ್ಲಿ ಕೂತು, ಗುಂಡಿ ಒತ್ತಿಬಿಟ್ಟಿದ್ದಳು. ಮಗಳು ಒಮ್ಮೆ ತಿರುಗಿ ನೋಡಿದಳು. ಅವನು ಕಟ್ಟೆಯ ಮೇಲೆ ಕುರ್ಚಿಯಲ್ಲಿದ್ದ, ಅವಳು ಕೆಳಗೆ ಬೆಂಚುಗಳ ನಡುವೆ ನಿಂತಿದ್ದಳು. ಅವಳಿಗೆ ಅದು ತಿಳಿದು, ಬೇಕೆಂದೇ ಬೆಂಚಿನ ಹಲಗೆಯ ಮೇಲೆ ಹತ್ತಿ ಕೂತಳು.

"ಏಳಿ ಅಪ್ಪ. ಬಸ್ಸು ತಪ್ಪುತ್ತೆ."

"ಅಲ್ಪವಿರಾಮ ತಪ್ಪಾಗಿದೆ. ಹೊರಗಡೆ. 'ಗೊತ್ತಿರುವವರು' ಆದ್ಮೇಲೆ."

"ಗೊತ್ತಿತ್ತು ನೀವು ಅದನ್ನೇ ಹೇಳ್ತೀರ ಅಂತ." ಅವಳು ನಗಲಿಲ್ಲ. "ಬೇರೆ ಏನೂ ಕಾಣಿಸ್ಲಿಲ್ವಾ?"

"ಕಾಣಿಸ್ತು. ಅಪ್ಪನ ಮರ್ಯಾದೆ ಹರಾಜು ಹಾಕಿ ಟಿಕೆಟ್ ಮಾರ್ತಿರೋದು ಕಾಣಿಸ್ತು. ಅನ್ನ ಹಾಕಿದ್ದು, ಫೀಸು ಕಟ್ಟಿದ್ದು, ಜ್ವರ ಬಂದಾಗ ಹೊತ್ಕೊಂಡು ಓಡಿದ್ದು, ಅದಕ್ಕೆಲ್ಲ ಸ್ಪೀಕರ್ ಇಟ್ಟಿಲ್ವಲ್ಲ."

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಯಾಕಿಲ್ಲ? ಬಾಯಿ ಬಿಟ್ಟು ಮಾತಾಡೋಕೆ ಕಲಿಸಿದವರು ಯಾರು?"

"ಸುಮ್ನಿರೋಕೆ ಕಲಿಸಿದವರು ಯಾರು?" ಎಂದಳು ಅವಳು, ಬೇಗ. ಬಾಗಿಲು ಅಲುಗಲಿಲ್ಲ. ಸ್ಪೀಕರು ತನ್ನ ಮಾತು ಹೇಳಿತು. ತನ್ನದೇ ಕೋಣೆಯಲ್ಲಿ, ತಾನೇ ರೆಕಾರ್ಡ್ ಮಾಡಿಸಿದ ದನಿ ತನಗೇ ಅದನ್ನು ಹೇಳಿದ್ದಕ್ಕೆ ಅವಳ ಕಿವಿಯೆಲ್ಲ ಕೆಂಪಾಯಿತು. "ಏ, ನಿಲ್ಲಿಸೇ ಅದನ್ನ!" ಎಂದು ಗೋಡೆಯ ಕಡೆ ಕೂಗಿದಳು. ಅವನಿಗೆ ಒಳಗೊಳಗೇ ಹಿಗ್ಗಾಯಿತು. ಹಿಗ್ಗಿದ್ದಕ್ಕೆ ಅಸಹ್ಯವೂ ಆಯಿತು. ಕೂಗಿದಾಗ ಅವಳ ಕೊರಳ ನರ ಎದ್ದು ನಿಲ್ಲುವುದು ಅವನದೇ ಬಳುವಳಿ.

ಅವಳು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದಳು. ಮತ್ತೆ ಮಾತಾಡಿದಾಗ ದನಿ ಇಳಿದಿತ್ತು. "ನಾಳೆ ಕೇಳ್ತೀನಿ ಅಂದಾಗೆಲ್ಲ ನಾನು ನಿದ್ದೆ ಮಾಡ್ತಿರ್ಲಿಲ್ಲ, ಗೊತ್ತಾ? ಉತ್ತರ ರೆಡಿ ಮಾಡ್ಕೊಂಡು ಬಚ್ಚಲ ಬಾಗಿಲಿಗೆ ಬಂದು ನಿಂತ್ಕೊಳ್ತಿದ್ದೆ. ನೀವು ಒಂದಿನಾನೂ ಕೇಳ್ಲಿಲ್ಲ. ನಾನೇ ಹೇಳಿದ್ರೆ, ಸರಿ ಅಂತಾನೂ ಅನ್ಲಿಲ್ಲ, ತಪ್ಪು ಅಂತಾನೂ ಅನ್ಲಿಲ್ಲ. ನಾನು ದಡ್ಡಿ, ಅದಕ್ಕೇ ಹೇಳ್ತಿಲ್ಲ ಅಂದ್ಕೊಂಡೆ. ಎಷ್ಟು ವರ್ಷ ಹಾಗೇ ಅಂದ್ಕೊಂಡೆ." ಕನ್ನಡಕ ಹಾಕಿಕೊಂಡು ನೇರವಾಗಿ ಅವನನ್ನು ನೋಡಿದಳು. ಈಗ ಅವಳ ಕಣ್ಣಿನಲ್ಲಿ ಜಗಳ ಇರಲಿಲ್ಲ. ಕನ್ನಡಿಯಲ್ಲಿ ಕಂಡಿದ್ದ ಕಣ್ಣು ಅವು. "ನಿಮಗೆ ಎಲ್ಲಾ ಗೊತ್ತಿತ್ತಲ್ಲ ಅಪ್ಪ. ನನಗೆ ಯಾಕೆ ಹೇಳ್ಲಿಲ್ಲ?"

ಖಟ್ಟನೆ ಬಾಗಿಲು ತೆರೆಯಿತು.

ಹೊರಗಿನ ಗಾಳಿ ಒಳಗೆ ಬಂದು ಮೇಜಿನ ಮೇಲಿನ ಪತ್ರಿಕೆಗಳು ಅಲುಗಿದವು. ಅವನು ಅಂಗೈಯಿಂದ ಒತ್ತಿಹಿಡಿದ. ಉತ್ತರ ನಾಲಗೆಯ ಮೇಲೇ ಇತ್ತು, ಎರಡೇ ಮಾತು: ನನಗೂ ಗೊತ್ತಿರಲಿಲ್ಲ. ಇಷ್ಟು ಸಣ್ಣ ಉತ್ತರ ಯಾವ ಪ್ರಶ್ನೆಗೂ ಅವನು ಕಂಡಿರಲಿಲ್ಲ. ಅದನ್ನು ಹೇಳಿದರೆ ಹೊರಗಿನ ಬರಹ ಸುಳ್ಳಾಗುತ್ತದೆ, ಸ್ಪೀಕರು ಸುಳ್ಳಾಗುತ್ತದೆ. ಅವಳು ದಡ್ಡಿಯೆಂದು ಅಂದುಕೊಂಡು ಎದ್ದಿದ್ದ ರಾತ್ರಿಗಳೆಲ್ಲ ಸುಳ್ಳಾಗುತ್ತವೆ. ಅವಳು ನಗುತ್ತಾಳೋ, ಅಳುತ್ತಾಳೋ, ಬಂದು ಅವನ ಕೈ ಹಿಡಿಯುತ್ತಾಳೋ. ಹಿಡಿದರೆ ಯಾರ ಕೈಯನ್ನು ಹಿಡಿಯುತ್ತಾಳೆ? ಗಾಳಿ ಎಲ್ಲಿಂದ ಶುರುವಾಗುತ್ತದೆಂದು ತಿಳಿಯದೆ ಗಾಳಿಯ ಪಾಠ ಮಾಡಿ ಸಂಬಳ ತೆಗೆದುಕೊಂಡ ಒಬ್ಬ ಗ್ಲೋಬಿನ ಕೈಯನ್ನು. ಗಿಡ್ಡ ಕೂದಲಿನ ಹುಡುಗಿ ಗೋಡೆಯ ಹಿಂದಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದಳು. ಕೆಟ್ಟವನೆಂದರೆ ಅನ್ನಲಿ. ಕೆಟ್ಟವನ ಮುಂದೆ ಜನ ಕೈ ಕಟ್ಟಿ ಕೂರುತ್ತಾರೆ, ಇವತ್ತೇ ಕಣ್ಣಾರೆ ನೋಡಿದ್ದ. ಅವನು ಪತ್ರಿಕೆಗಳನ್ನು ಜೋಡಿಸಿ ಕಟ್ಟಿದ, ಚೀಲಕ್ಕೆ ಹಾಕಿದ, ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿದ. ಕಟ್ಟೆಯಿಂದ ಇಳಿದು ಮಗಳ ಪಕ್ಕಕ್ಕೆ ಬಂದಾಗ ಅವಳು ಬೆಂಚಿನಿಂದ ಇಳಿದು ನಿಂತಿದ್ದಳು, ಕಾಯುತ್ತ.

"ಯೋಚನೆ ಮಾಡ್ಕೊಂಡು ಬಾ," ಎಂದ. "ನಾಳೆ ಕೇಳ್ತೀನಿ."

ಅವನು ತೆರೆದ ಬಾಗಿಲಿನಿಂದ ಹೊರಗೆ ಬಂದು, ಅಲ್ಪವಿರಾಮದ ಎದುರು ಹಾದು, ಬೀದಿಗೆ ಇಳಿದು, ಬಸ್ ಸ್ಟಾಪಿನ ಕಡೆ ನಡೆದ. ಬಸ್ಸು ನಿಂತೇ ಇತ್ತು. ಮೆಟ್ಟಿಲ ಮೇಲೆ ಕಾಲಿಟ್ಟಾಗ ಹೊಳೆಯಿತು: ಮೂವತ್ತು ವರ್ಷದಲ್ಲಿ ಆ ಮಾತನ್ನು ಅವನು ಉತ್ತರ ಗೊತ್ತಿದ್ದು ಹೇಳಿದ್ದು ಇದೇ ಮೊದಲು.